ಔಷಧಿ ಒಂದು, ರೇಟು ಐದು

ನನ್ನ ಮಗನಿಗೆ ಗೋಡಂಬಿ ಆಗುವುದಿಲ್ಲ. ಹೀಗಂದರೆ ಊರಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಯಾಕಂದರೆ ನಮ್ಮಲ್ಲಿ ಎಲ್ಲರಿಗೂ ಒಂದಲ್ಲ ಒಂದು ಆಗುವುದಿಲ್ಲ. ಅತ್ತೆಗೆ ಬದನೆಕಾಯಿ ಆಗುವುದಿಲ್ಲ, ಮಾವನಿಗೆ ಹುಳಿ ಮೊಸರು ಆಗುವುದಿಲ್ಲ, ನನ್ನ ತಮ್ಮನಿಗೆ ಬೆಳಿಗ್ಗೆ ಬೇಗ ಏಳುವುದು ಆಗುವುದಿಲ್ಲ. ಇದು ಆ ಥರದ್ದಲ್ಲ. ಇದು ಅಲರ್ಜಿ, ತಿಂದರೆ ಉಸಿರು ಕಟ್ಟುವಂಥದ್ದು.

2022ರ ನವೆಂಬರ್. ನಾವಿರುವುದು ಶಿಕಾಗೋ ಪಕ್ಕದ ಒಂದು ಊರಿನಲ್ಲಿ. ಇಲ್ಲಿನ ಕನ್ನಡದವರೆಲ್ಲ ಸೇರಿ ಒಂದು ಹೈಸ್ಕೂಲನ್ನು ಬಾಡಿಗೆಗೆ ತಗೊಂಡು ರಾಜ್ಯೋತ್ಸವ ಮಾಡುತ್ತಿದ್ದೆವು. ಮಗನಿಗೆ ಆಗ ನಾಲ್ಕೂವರೆ ವರ್ಷ. ಫ್ಯಾನ್ಸಿ ಡ್ರೆಸ್ಸಿಗೆ ಸಂಗೊಳ್ಳಿ ರಾಯಣ್ಣ. ತಲೆಗೆ ರುಮಾಲು, ಕೈಯಲ್ಲಿ ರಟ್ಟಿನ ಕತ್ತಿ, ಕಾಡಿಗೆಯಲ್ಲಿ ನಾನೇ ಬರೆದ ಮೀಸೆ. ಸ್ಟೇಜಿನಿಂದ ಇಳಿದವನಿಗೆ ಯಾರೋ ಪ್ರೀತಿಯಿಂದ ಒಂದು ಬರ್ಫಿ ಕೊಟ್ಟರು. ಅದುವರೆಗೆ ಅವನು ಗೋಡಂಬಿಯನ್ನು ಸರಿಯಾಗಿ ತಿಂದೇ ಇರಲಿಲ್ಲ. ಪಾಯಸದಲ್ಲಿ ಸಿಕ್ಕಿದ್ದನ್ನು ಆರಿಸಿ ತಟ್ಟೆ ಪಕ್ಕಕ್ಕೆ ಇಡುತ್ತಿದ್ದ, ನಾವು ಹಠ ಅಂತ ಬೈಯುತ್ತಿದ್ದೆವು.

ಹತ್ತು ನಿಮಿಷ ಆಗಿರಬೇಕು. "ಅಮ್ಮಾ, ಗಂಟಲು ಕಚ್ತಿದೆ" ಅಂದ. ನೋಡಿದರೆ ಮೀಸೆ ಸೊಟ್ಟಗಾಗಿದೆ. ಕೈಯಲ್ಲಿ ಒರೆಸಿಕೊಂಡಿರಬೇಕು ಅಂದುಕೊಂಡೆ. ಒರೆಸಿಕೊಂಡಿದ್ದಲ್ಲ, ಮೇಲಿನ ತುಟಿ ಊದಿ ಮೀಸೆ ಒಂದು ಕಡೆ ಎತ್ತಿಕೊಂಡಿತ್ತು. ಆಮೇಲೆ ಕತ್ತಿನ ತುಂಬ ಗಂಧೆ, ವಾಂತಿ, ಬಿಡದ ಕೆಮ್ಮು. ಯಾರೋ 911ಕ್ಕೆ ಫೋನ್ ಮಾಡಿದರು. ಆಂಬುಲೆನ್ಸಿನವನು ಬಂದವನೇ ತೊಡೆಗೆ ಒಂದು ಇಂಜೆಕ್ಷನ್ ಕೊಟ್ಟ. ಐದಾರು ನಿಮಿಷಕ್ಕೆ ಕೆಮ್ಮು ನಿಂತು, ಮಗು ನನ್ನ ಸೆರಗು ಹಿಡಿದುಕೊಂಡು "ನನ್ನ ಕತ್ತಿ ಎಲ್ಲಿ" ಅಂತ ಕೇಳಿತು. ಆ ಔಷಧಿಯ ಹೆಸರು ಎಪಿನೆಫ್ರಿನ್. ನಮ್ಮೂರ ಡಾಕ್ಟರುಗಳು ಅಡ್ರಿನಲಿನ್ ಅನ್ನುತ್ತಾರೆ. ಎರಡೂ ಒಂದೇ.

ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಹೇಳಿದ್ದು ಇಷ್ಟು: ಎಪಿಪೆನ್ ಜೂನಿಯರ್ ಬರೆದಿದ್ದೀನಿ, ಅದೇ ಔಷಧಿ ಮಕ್ಕಳ ಡೋಸಿನಲ್ಲಿ ತುಂಬಿರುವ, ತೊಡೆಗೆ ಒತ್ತಿದರೆ ತಾನೇ ಚುಚ್ಚುವ ಪೆನ್ನು, ಇವತ್ತೇ ತಗೊಳ್ಳಿ, ಮಗು ಎಲ್ಲಿರುತ್ತೋ ಅದೂ ಅಲ್ಲೇ ಇರಬೇಕು. ಒಂದು ಡಬ್ಬಿಯಲ್ಲಿ ಎರಡು ಪೆನ್ನು, ಯಾಕಂದರೆ ಕೆಲವು ಸಲ ಒಂದು ಸಾಲುವುದಿಲ್ಲ, ಐದರಿಂದ ಹದಿನೈದು ನಿಮಿಷದಲ್ಲಿ ಎರಡನೆಯದು ಬೇಕಾಗುತ್ತೆ. ಮನೆಗೊಂದು ಡಬ್ಬಿ, ಸ್ಕೂಲಿಗೊಂದು ಡಬ್ಬಿ. ಅಂದರೆ ನಾಲ್ಕು ಪೆನ್ನು.

ಫಾರ್ಮಸಿ ಕೌಂಟರಿನಲ್ಲಿ ಆ ಹುಡುಗಿ ಕಂಪ್ಯೂಟರ್ ನೋಡಿ, ಆಮೇಲೆ ನನ್ನ ಮುಖ ನೋಡಿ, ಮತ್ತೆ ಕಂಪ್ಯೂಟರ್ ನೋಡಿದಳು. ಈ ದೇಶದಲ್ಲಿ ಫಾರ್ಮಸಿಯವರು ಎರಡು ಸಲ ಸ್ಕ್ರೀನ್ ನೋಡಿದರೆ ಪರ್ಸ್ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಬ್ರಾಂಡ್ ಎಪಿಪೆನ್ ನಿಮ್ಮ ಇನ್ಶೂರೆನ್ಸ್ ಪಟ್ಟಿಯಲ್ಲಿಲ್ಲ, 690 ಡಾಲರ್. ಬ್ರಾಂಡ್ ಹೆಸರಿಲ್ಲದ ಜೆನೆರಿಕ್ ಇದೆ, ಅದು ಪಟ್ಟಿಯಲ್ಲಿದೆ, 342 ಡಾಲರ್. ಪಟ್ಟಿಯಲ್ಲಿದ್ದೂ 342 ಯಾಕೆ ಅಂದೆ. ನಿಮ್ಮ ಡಿಡಕ್ಟಿಬಲ್ ಇನ್ನೂ ತುಂಬಿಲ್ಲ ಅಂದಳು. ಮಗು ಕಾರಿನಲ್ಲಿ ಮಲಗಿತ್ತು, ರಾತ್ರಿ ಹನ್ನೊಂದು ಗಂಟೆ, ರಾಯಣ್ಣನ ರುಮಾಲು ನನ್ನ ಬ್ಯಾಗಿನಲ್ಲಿ. ಕೊಟ್ಟೆ.

ಡಿಡಕ್ಟಿಬಲ್ ಅಂದರೆ ಏನು ಅಂತ ಊರಲ್ಲಿ ಅಮ್ಮನಿಗೆ ಫೋನಿನಲ್ಲಿ ಬಿಡಿಸಿ ಹೇಳಲು ನನಗೆ ಎರಡು ವಾರ ಹಿಡಿಯಿತು. ಪ್ರತಿ ತಿಂಗಳು ಸಂಬಳದಲ್ಲಿ ಪ್ರೀಮಿಯಂ ಹಿಡಿದುಕೊಳ್ಳುತ್ತಾರೆ. ಅದು ಬೇರೆ ಲೆಕ್ಕ. ಅದರ ಮೇಲೆ, ವರ್ಷದ ಮೊದಲ ಇಷ್ಟು ಡಾಲರ್ ಖರ್ಚು ಪೂರ್ತಿ ನಿಮ್ಮದೇ, ಆಮೇಲೆ ನಾವು ನೋಡ್ತೀವಿ ಅನ್ನುತ್ತಾರೆ. ನಮ್ಮ ಫ್ಯಾಮಿಲಿ ಪ್ಲಾನಿಗೆ ಆ "ಇಷ್ಟು" ಅಂದರೆ 4,000 ಡಾಲರ್. ಅದು ತುಂಬಿದ ಮೇಲೆ ನಾವು ನೂರಕ್ಕೆ ಇಪ್ಪತ್ತು ಕೊಟ್ಟರೆ ಸಾಕು. ಜನವರಿ 1ಕ್ಕೆ ಮತ್ತೆ ಸೊನ್ನೆಯಿಂದ ಶುರು. ಅಮ್ಮ ಎಲ್ಲ ಕೇಳಿ, "ಮತ್ತೆ ಇನ್ಶೂರೆನ್ಸ್ ಯಾಕೆ ಮಾಡಿಸಿದ್ದು?" ಅಂದಳು. ಇವತ್ತಿಗೂ ನನ್ನ ಹತ್ತಿರ ಅದಕ್ಕೆ ಒಳ್ಳೆಯ ಉತ್ತರ ಇಲ್ಲ.

ಇಲ್ಲೇ ನಾನು ಮೊದಲನೇ ಪೆದ್ದುತನ ಮಾಡಿದ್ದು. ಆಂಬುಲೆನ್ಸು, ಎಮರ್ಜೆನ್ಸಿ ರೂಮು ಸೇರಿ ಬಂದ ಬಿಲ್ಲಿನಲ್ಲೇ ನಮ್ಮ 4,000 ಪೂರ್ತಿ ತುಂಬಿಹೋಗಿತ್ತು. ಆ ಕಾಗದ ಬಂದಿದ್ದು ಡಿಸೆಂಬರ್ ಎರಡನೇ ವಾರ. ಅವತ್ತೇ ಹೋಗಿ ಸ್ಕೂಲಿನ ಡಬ್ಬಿ ತಗೊಂಡಿದ್ದರೆ 68 ಡಾಲರ್. ನಾನು ಆ ಕಾಗದವನ್ನು ಬಿಲ್ಲು ಅಂತ ಹೆದರಿ ಡ್ರಾಯರಿನಲ್ಲಿಟ್ಟೆ, ರಜೆ ಮುಗಿದು ಸ್ಕೂಲ್ ಶುರುವಾಗುವಾಗ ತಗೊಂಡರಾಯ್ತು ಅಂತ. 2023ರ ಜನವರಿ 3ಕ್ಕೆ ಹೋದೆ. 342. ಹೊಸ ವರ್ಷದ ಶುಭಾಶಯ ಅಂತ ಬೇರೆ ಹೇಳಿ ಕಳಿಸಿದರು.

ಆ ಸಿಟ್ಟಿನಲ್ಲಿ ಒಂದು ರಾತ್ರಿ ಕೂತು ಈ ಪೆನ್ನಿನ ಕಥೆಯನ್ನೆಲ್ಲ ಓದಿದೆ. ಒಳಗಿರುವ ಔಷಧಿ ನೂರು ವರ್ಷಕ್ಕಿಂತ ಹಳೆಯದು, ಜಪಾನಿನ ಜೋಕಿಚಿ ತಕಮಿನೆ ಅನ್ನುವವರು 1901ರಲ್ಲೇ ಅದನ್ನು ಶುದ್ಧ ರೂಪದಲ್ಲಿ ತೆಗೆದಿದ್ದರು. ಅದಕ್ಕೆ ಈಗ ಯಾರ ಪೇಟೆಂಟೂ ಇಲ್ಲ. ಬೆಲೆ ಇರುವುದು ಪೆನ್ನಿಗೆ. ಅದನ್ನು ಮೊದಲು ಮಾಡಿದ್ದು ಸೈನಿಕರಿಗಾಗಿ, ವಿಷದ ಅನಿಲ ಬಿಟ್ಟರೆ ತಕ್ಷಣ ತೊಡೆಗೆ ಚುಚ್ಚಿಕೊಳ್ಳಲಿ ಅಂತ. ಶೆಲ್ಡನ್ ಕ್ಯಾಪ್ಲನ್ ಅನ್ನುವ ಎಂಜಿನಿಯರ್ ಅದೇ ಉಪಾಯವನ್ನು ಅಲರ್ಜಿಗೆ ಹೊಂದಿಸಿದರು, 1987ರಲ್ಲಿ ಎಪಿಪೆನ್ನಿಗೆ ಇಲ್ಲಿ ಅನುಮತಿ ಸಿಕ್ಕಿತು. 2007ರಲ್ಲಿ ಮೈಲಾನ್ ಕಂಪನಿ ಅದನ್ನು ಕೊಂಡಾಗ ಎರಡು ಪೆನ್ನಿಗೆ ಸುಮಾರು 100 ಡಾಲರ್, 2016ರ ಹೊತ್ತಿಗೆ 600 ದಾಟಿತ್ತು. ಪೆನ್ನು ಹೆಚ್ಚುಕಮ್ಮಿ ಅದೇ. ತಾಯಂದಿರು ಗಲಾಟೆ ಮಾಡಿದರು, ಕಂಪನಿಯ ಮುಖ್ಯಸ್ಥೆ ಹೆದರ್ ಬ್ರೆಶ್ ಅವರನ್ನು ಆ ಸೆಪ್ಟೆಂಬರಿನಲ್ಲಿ ಸಂಸತ್ತಿನ ಸಮಿತಿ ಮುಂದೆ ಕೂರಿಸಿ ಪ್ರಶ್ನೆ ಕೇಳಿದರು. ಡಿಸೆಂಬರಿಗೆ ಅದೇ ಕಂಪನಿ ಅದೇ ಪೆನ್ನನ್ನು ಬೇರೆ ಲೇಬಲ್ ಹಚ್ಚಿ 300ಕ್ಕೆ ಬಿಟ್ಟಿತು. ನಾನು 342 ಕೊಟ್ಟು ತಂದದ್ದು ಅದನ್ನೇ.

ನನ್ನ ಸೋದರಮಾವನದ್ದು ಶಿವಮೊಗ್ಗದಲ್ಲಿ ಮೆಡಿಕಲ್ ಶಾಪು. ಫೋನ್ ಮಾಡಿ ಕೇಳಿದೆ. "ಅಡ್ರಿನಲಿನ್ನಾ? ಹತ್ತಿಪ್ಪತ್ತು ರೂಪಾಯಿ ಕಣೇ ಒಂದು ಆಂಪೂಲು. ಡಾಕ್ಟ್ರುಗಳು ಎಮರ್ಜೆನ್ಸಿಗೆ ಅಂತ ಇಟ್ಕೊಂಡಿರ್ತಾರೆ" ಅಂದ. ಒಂದು ಪ್ಲೇಟ್ ಇಡ್ಲಿಗಿಂತ ಕಡಿಮೆ. ಅವನಿಗೆ ಪೆನ್ನಿನ ರೇಟು ಹೇಳಿದಾಗ ಸ್ವಲ್ಪ ಹೊತ್ತು ಲೈನ್ ಕಟ್ಟಾಯಿತೇನೋ ಅನ್ನಿಸಿತು. ಆದರೆ ನ್ಯಾಯವಾಗಿ ಹೇಳಬೇಕು. ಮಗುವಿಗೆ ಉಸಿರು ಕಟ್ಟುತ್ತಿರುವಾಗ ಗಾಜಿನ ಆಂಪೂಲ್ ಮುರಿದು, ಸಿರಿಂಜಿಗೆ ಎಳೆದು, 0.15 ಮಿಲಿಗ್ರಾಂ ಅಳೆದು ಚುಚ್ಚುವುದು ನನ್ನಂಥವಳಿಂದ ಆಗುವ ಕೆಲಸವಲ್ಲ. ಪೆನ್ನಿಗೆ ದುಡ್ಡು ಕೊಡುವುದಕ್ಕೆ ನನ್ನ ತಕರಾರಿಲ್ಲ. ಎಷ್ಟು ಅನ್ನುವುದಕ್ಕೆ ಇದೆ, ಮತ್ತು ಆ "ಎಷ್ಟು" ಕೌಂಟರಿನಿಂದ ಕೌಂಟರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುವುದಕ್ಕೆ ಇದೆ.

2024ರ ಫೆಬ್ರವರಿಯಲ್ಲಿ ಮನೆಯ ಡಬ್ಬಿಯ ತಾರೀಖು ಮುಗಿಯಿತು. ಈ ಪೆನ್ನುಗಳು ವರ್ಷ, ಒಂದೂವರೆ ವರ್ಷ ಬರುತ್ತವೆ ಅಷ್ಟೇ. ಅವು ರೂಮಿನ ತಾಪದಲ್ಲೇ ಇರಬೇಕು. ಫ್ರಿಜ್ಜಿನಲ್ಲಿಡುವ ಹಾಗಿಲ್ಲ, ಶಿಕಾಗೋದ ಜನವರಿಯಲ್ಲಿ ಕಾರಿನಲ್ಲಿ ಬಿಡುವ ಹಾಗಿಲ್ಲ, ಜುಲೈನಲ್ಲಂತೂ ಬಿಡಲೇಬಾರದು. ಬಸುರಿಯನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳಬೇಕು. ಈ ಸಲ ಫಾರ್ಮಸಿಯಲ್ಲಿ ವಯಸ್ಸಾದ ಒಬ್ಬ ಫಾರ್ಮಸಿಸ್ಟ್ ಇದ್ದರು. ಸುಮ್ನೆ ಬಾಯಿಬಿಟ್ಟು ಕೇಳಿದೆ, ಇದಕ್ಕಿಂತ ಕಡಿಮೆಗೆ ಏನಾದರೂ ದಾರಿ ಇದೆಯಾ ಅಂತ. ಅವರು ಕನ್ನಡಕ ಮೇಲೆತ್ತಿ, "ಇನ್ಶೂರೆನ್ಸ್ ಬಿಟ್ಟು ನೋಡಲಾ?" ಅಂದರು.

ಇನ್ಶೂರೆನ್ಸ್ ಬಿಟ್ಟು, ಪುಕ್ಕಟೆ ಸಿಗುವ ಒಂದು ಡಿಸ್ಕೌಂಟ್ ಕೂಪನ್ ಹಾಕಿದರೆ ಬೇರೆ ಕಂಪನಿಯ ಜೆನೆರಿಕ್ ಪೆನ್ನು 138 ಡಾಲರ್. ಇನ್ಶೂರೆನ್ಸ್ ಕಾರ್ಡ್ ತೋರಿಸಿದರೆ 342, ತೋರಿಸದಿದ್ದರೆ 138! ಇದನ್ನು ಮೊದಲೇ ಯಾಕೆ ಯಾರೂ ಹೇಳಲಿಲ್ಲ ಅಂತ ಕೇಳಿದ್ದಕ್ಕೆ ಅವರು ನಕ್ಕರು. ಮುಂಚೆ ಫಾರ್ಮಸಿಯವರು ಇದನ್ನು ಬಾಯಿಬಿಡಬಾರದು ಅಂತ ಕೆಲವು ಒಪ್ಪಂದಗಳಲ್ಲಿ ಬರೆದೇ ಇರುತ್ತಿತ್ತಂತೆ. 2018ರಲ್ಲಿ ಅದನ್ನು ಕಾನೂನು ಮಾಡಿ ತೆಗೆದರು. ಈಗ ಅವರು ಹೇಳಬಹುದು. ಹೇಳಲೇಬೇಕು ಅಂತ ಇಲ್ಲ. ಹಾಗಾಗಿ ನಾವು ಕೇಳಬೇಕು.

ಅದರಲ್ಲೂ ಎರಡು ಕೊಕ್ಕೆ. ಹೀಗೆ ಕೊಟ್ಟ ದುಡ್ಡು ನಮ್ಮ ಪ್ಲಾನಿನಲ್ಲಿ ಡಿಡಕ್ಟಿಬಲ್‌ಗೆ ಲೆಕ್ಕಕ್ಕಿಲ್ಲ. ಇನ್ನೊಂದು, ಆ 138ರ ಪೆನ್ನು ಎಪಿಪೆನ್ನಿನ ಜೆರಾಕ್ಸ್ ಅಲ್ಲ, ಅದರ ರಚನೆಯೇ ಬೇರೆ. ಎಪಿಪೆನ್ ಬರೆದ ಚೀಟಿಗೆ ಫಾರ್ಮಸಿಯವರು ತಾವಾಗಿಯೇ ಅದನ್ನು ಕೊಡುವ ಹಾಗಿಲ್ಲ, ಡಾಕ್ಟರು ಬೇರೆ ಚೀಟಿ ಬರೆಯಬೇಕು. ಬರೆಸಿದೆ. 204 ಡಾಲರ್ ಉಳಿಸಿದೆ ಅಂತ ಬೀಗುತ್ತಾ ಬಂದೆ.

ಮುಂದಿನದನ್ನು ಬರೆಯುವುದೋ ಬೇಡವೋ ಅಂತ ಸುಮಾರು ದಿನ ಯೋಚಿಸಿದೆ.

ಅದೇ ವರ್ಷ ಮಾರ್ಚ್, ಸ್ನೇಹಿತರೊಬ್ಬರ ಗೃಹಪ್ರವೇಶ. ಅಡುಗೆ ಹೋಟೆಲಿನಿಂದ. ಗೋಡಂಬಿ ಇದೆಯಾ ಅಂತ ಕೇಳಿದೆ, ಸಿಹಿಯಲ್ಲಿ ಮಾತ್ರ ಅಂದರು. ಪನೀರ್ ಗ್ರೇವಿಯನ್ನು ಗಟ್ಟಿ ಮಾಡುವುದಕ್ಕೆ ಗೋಡಂಬಿಯನ್ನೇ ರುಬ್ಬಿ ಹಾಕುತ್ತಾರೆ ಅನ್ನುವುದು ಅಡುಗೆ ಮಾಡುವ ನನಗೆ ಗೊತ್ತಿಲ್ಲದ್ದೇನಲ್ಲ, ಅವತ್ತು ಹೊಳೆಯಲಿಲ್ಲ ಅಷ್ಟೇ. ಮಗ ಎರಡು ತುತ್ತು ತಿಂದಿರಬಹುದು. ಹೊಟ್ಟೆ ಮೇಲೆ ಗಂಧೆ ಎದ್ದಿತು. ಆಮೇಲೆ ಹೊಸ ಮನೆಯ ಹೊಸ ಕಾರ್ಪೆಟ್ ಮೇಲೆ ವಾಂತಿ. ಆಮೇಲೆ ಆ ಕೆಮ್ಮು. ನನಗೆ ಆ ಕೆಮ್ಮು ಗೊತ್ತು.

ಪೆನ್ನು ನನ್ನ ಕೈಯಲ್ಲೇ ಇತ್ತು. ಸುತ್ತ ಹತ್ತು ಜನ. ಒಬ್ಬರು "ಬೆನಡ್ರಿಲ್ ಕೊಡಿ ಸಾಕು, ಇಳಿಯುತ್ತೆ" ಅನ್ನುತ್ತಿದ್ದಾರೆ. ಇಲ್ಲಿ ಬೆನಡ್ರಿಲ್ ಅಂದರೆ ಊರಿನ ಕೆಮ್ಮಿನ ಸಿರಪ್ಪಲ್ಲ, ಅಲರ್ಜಿಯ ಔಷಧಿ. ಆ ಹೊತ್ತಿನಲ್ಲಿ ನನ್ನ ತಲೆಯೊಳಗೆ ಓಡಿದ್ದೇನು ಅಂತ ಹೇಳುತ್ತೀನಿ ಕೇಳಿ. ಇದನ್ನು ಹಾಕಿದರೆ ಆಸ್ಪತ್ರೆಗೆ ಹೋಗಬೇಕು, ಇದು ಮಾರ್ಚ್ ತಿಂಗಳು, ಡಿಡಕ್ಟಿಬಲ್‌ನಲ್ಲಿ ಒಂದು ಪೈಸೆ ತುಂಬಿಲ್ಲ, ಎಮರ್ಜೆನ್ಸಿಗೆ ಕಾಲಿಟ್ಟರೆ ಎರಡು ಸಾವಿರ, ಮತ್ತೆ ಪೆನ್ನು ಬೇರೆ ತರಬೇಕು, ಕೆಮ್ಮು ತಾನಾಗಿಯೇ ನಿಲ್ಲಬಹುದಲ್ವಾ. ಹೆತ್ತ ತಾಯಿ, ಕೈಯಲ್ಲಿ ಔಷಧಿ ಹಿಡಿದುಕೊಂಡು ಗುಣಾಕಾರ ಮಾಡುತ್ತಾ ನಿಂತಿದ್ದೆ. ಎಷ್ಟು ಹೊತ್ತೋ. ಹತ್ತು ಸೆಕೆಂಡ್ ಇರಬಹುದು, ಹೆಚ್ಚೂ ಇರಬಹುದು. ನನ್ನ ಗಂಡ ಕಿರುಚಿದರು, "ಏನ್ ನೋಡ್ತಿದ್ಯಾ, ಹಾಕೇ!"

ಕ್ಯಾಪ್ ಕಿತ್ತು ತೊಡೆಗೆ ಒತ್ತಿದೆ. ಏನೂ ಆಗಲಿಲ್ಲ. ಕ್ಲಿಕ್ ಇಲ್ಲ, ಏನಿಲ್ಲ. ಮತ್ತೆ ಒತ್ತಿದೆ. ಆಮೇಲೆ ನೆನಪಾಯಿತು, ಇದು ಹಳೆಯ ಪೆನ್ನಲ್ಲ, 138ರ ಪೆನ್ನು. ಇದಕ್ಕೆ ಎರಡು ಕಡೆ ಎರಡು ಬೂದು ಬಣ್ಣದ ಕ್ಯಾಪ್, ಮೇಲೆ 1, 2 ಅಂತ ನಂಬರ್ ಬೇರೆ ಇದೆ. ನಾನು ಒಂದನ್ನು ಮಾತ್ರ ತೆಗೆದಿದ್ದೆ. ಎರಡನೆಯದನ್ನು ಹಲ್ಲಿನಲ್ಲಿ ಕಚ್ಚಿ ಎಳೆದೆ. ಜೀನ್ಸ್ ಮೇಲಿಂದಲೇ ಒತ್ತಿ ಹತ್ತು ಎಣಿಸಿದೆ. ಮಗ ಕೂಗಿದ, ನಾನೂ ಕೂಗಿದೆ.

ಸರಿಹೋದ. ಆಸ್ಪತ್ರೆಯಲ್ಲಿ ನಾಲ್ಕು ಗಂಟೆ ಇಟ್ಟುಕೊಂಡು ಕಳಿಸಿದರು. ಬಿಲ್ಲಿನ ಅಂದಾಜು ಹೆಚ್ಚುಕಮ್ಮಿ ಸರಿಯಾಗಿತ್ತು, ನನ್ನ ಗಣಿತ ಯಾವತ್ತೂ ಚೆನ್ನಾಗಿದೆ. ಆಮೇಲೆ ಅಲರ್ಜಿ ಡಾಕ್ಟರ್ ಹತ್ತಿರ ನಾನು ಮುಚ್ಚಿಡದೆ ಹೇಳಿದೆ, ದುಡ್ಡಿನ ಯೋಚನೆ ಬಂತು ಅಂತ. ಅವರು ಬೈಯಲಿಲ್ಲ. ವಾರಕ್ಕೊಬ್ಬರಾದರೂ ಹೀಗೆ ಹೇಳುತ್ತಾರೆ ಅಂದರು. ಬೆನಡ್ರಿಲ್ ಗಂಧೆ ಇಳಿಸುತ್ತೆ, ಉಸಿರಾಟದ ದಾರಿ ಊದುವುದನ್ನಾಗಲಿ ಬಿಪಿ ಬೀಳುವುದನ್ನಾಗಲಿ ತಡೆಯುವುದಿಲ್ಲ, ಅನುಮಾನ ಬಂತಾ ಪೆನ್ನು ಮೊದಲು, ಲೆಕ್ಕ ಆಮೇಲೆ ಅಂದರು. ಇನ್ನೊಂದು ಮಾತನ್ನೂ ಹೇಳಿದರು: ಮನೆ, ಸ್ಕೂಲು, ಬ್ಯಾಗು, ಎಲ್ಲ ಕಡೆ ಒಂದೇ ಥರದ ಪೆನ್ನು ಇಡಿ. ಅವತ್ತಿನಿಂದ ಹಾಗೇ ಮಾಡಿದ್ದೇವೆ. ಅಂದರೆ ಮತ್ತೆ 342ಕ್ಕೆ ವಾಪಸ್.

ಇಷ್ಟರಲ್ಲಿ ಒಂದು ಒಳ್ಳೆಯ ಸುದ್ದಿ ಬಂತು. ನಾವಿರುವ ಇಲಿನಾಯ್ ರಾಜ್ಯ ಈ ವಿಷಯದಲ್ಲಿ ಸ್ವಲ್ಪ ಮುಂದೆ ಇದೆ. ಹದಿನೆಂಟು ವರ್ಷದವರೆಗಿನ ಮಕ್ಕಳಿಗೆ ಈ ಪೆನ್ನನ್ನು ಇನ್ಶೂರೆನ್ಸ್ ಕೊಡಲೇಬೇಕು ಅಂತ ಮೊದಲು ಕಾನೂನು ಮಾಡಿದ್ದೇ ಇಲ್ಲಿ, 2020ರಿಂದ ಜಾರಿಯಲ್ಲಿದೆ. ಈಗ ಇನ್ನೊಂದು ಕಾನೂನು: 2025ರ ಜನವರಿ 1ರಿಂದ ಎರಡು ಪೆನ್ನಿನ ಡಬ್ಬಿಗೆ ಇನ್ಶೂರೆನ್ಸ್ ಇರುವವರು 60 ಡಾಲರಿಗಿಂತ ಜಾಸ್ತಿ ಕೊಡಬೇಕಿಲ್ಲ. ಅಲರ್ಜಿ ಮಕ್ಕಳ ಅಮ್ಮಂದಿರಾದ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅವತ್ತು ಹಬ್ಬ. ನಾನು ಜನವರಿ ಮೊದಲನೇ ವಾರ ಜಂಬದಿಂದ ಫಾರ್ಮಸಿಗೆ ಹೋದೆ. 351 ಡಾಲರ್. ಕಡಿಮೆಯಾಗುವುದಿರಲಿ, ಒಂಬತ್ತು ಡಾಲರ್ ಏರಿತ್ತು.

ಆಮೇಲೆ ಶುರುವಾಯಿತು ಫೋನ್ ಪುರಾಣ. ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿದರೆ ಔಷಧಿ ವಿಷಯ ನೋಡುವವರು ಬೇರೆ ಕಂಪನಿ ಅಂದರು. ಅವರಿಗೆ ಮಾಡಿದರೆ ನಿಮ್ಮ ಪ್ಲಾನ್ ಹೇಗಿದೆಯೋ ಹಾಗೆ ನಾವು ರೇಟು ಹಾಕುತ್ತೀವಿ, ಪ್ಲಾನ್ ವಿಷಯ ಇನ್ಶೂರೆನ್ಸ್ ಕಂಪನಿಯನ್ನು ಕೇಳಿ ಅಂದರು. ಒಂದು ಕರೆಯಲ್ಲಿ ನಲವತ್ತು ನಿಮಿಷ ಅದೇ ಪಿಯಾನೋ ಹಾಡು ಕೇಳುತ್ತಾ ಒಂದು ಸೇರು ಅವರೆಕಾಳು ಹಿಸುಕಿ ಮುಗಿಸಿದೆ, ಫ್ರೋಜನ್ ಅವರೆ, ಇಲ್ಲಿ ಅದೇ ಸಿಗುವುದು. ಕೊನೆಗೆ ರಾಜ್ಯದ ಇನ್ಶೂರೆನ್ಸ್ ಇಲಾಖೆಗೆ ದೂರು ಬರೆದೆ. ಮೂರು ವಾರಕ್ಕೆ ಮರ್ಯಾದೆಯ ಉತ್ತರ ಬಂತು: ನಿಮ್ಮ ಪ್ಲಾನ್ ಸೆಲ್ಫ್ ಫಂಡೆಡ್, ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ.

ಇದೇನು ಅಂತ ನನಗೆ ಅರ್ಥವಾಗಿದ್ದು ನನ್ನ ಗಂಡನ ಆಫೀಸಿನ ಎಚ್.ಆರ್. ವಿಭಾಗದವರು ಹೇಳಿದ ಮೇಲೆ. ಮದುವೆ ಮನೆ ಊಟ ನೆನಪಿಸಿಕೊಳ್ಳಿ. ಬಡಿಸುವವರು ಕಾಂಟ್ರಾಕ್ಟ್ ಭಟ್ಟರ ಕಡೆಯವರು, ಶರ್ಟಿನ ಮೇಲೆ ಅವರದೇ ಹೆಸರು. ಆದರೆ ದುಡ್ಡು ಹೆಣ್ಣಿನ ಮನೆಯವರದ್ದು, ಎರಡನೇ ಸಲ ಹೋಳಿಗೆ ಬಡಿಸಬೇಕೋ ಬೇಡವೋ ಅಂತ ಹೇಳುವವರೂ ಅವರೇ. ಹಾಗೆ ನಮ್ಮ ಕಾರ್ಡಿನ ಮೇಲೆ ಹೆಸರಿರುವ ಇನ್ಶೂರೆನ್ಸ್ ಕಂಪನಿ ಬರೀ ಲೆಕ್ಕ ನೋಡಿಕೊಳ್ಳುತ್ತೆ, ಆಸ್ಪತ್ರೆಗೆ ಹೋಗುವ ದುಡ್ಡು ನಮ್ಮ ಗಂಡಂದಿರು ಕೆಲಸ ಮಾಡುವ ಕಂಪನಿಯದ್ದೇ. ಇಂಥ ಪ್ಲಾನುಗಳಿಗೆ 1974ರ ಎರಿಸಾ ಅನ್ನುವ ಕೇಂದ್ರದ ಕಾನೂನು ಅನ್ವಯ ಆಗುತ್ತೆ, ರಾಜ್ಯದ್ದು ಆಗುವುದಿಲ್ಲ. ಅಮೆರಿಕದಲ್ಲಿ ಆಫೀಸಿನ ಕಡೆಯಿಂದ ಇನ್ಶೂರೆನ್ಸ್ ಇರುವವರಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಜನ ಇಂಥ ಪ್ಲಾನಿನಲ್ಲೇ ಇರುವುದು, ದೊಡ್ಡ ಕಂಪನಿಗಳಲ್ಲಂತೂ ಬಹುಪಾಲು ಇದೇ. ಅಂದರೆ ನಮ್ಮ ವಾಟ್ಸಾಪ್ ಗುಂಪಿನ ಐಟಿ ಮನೆಗಳಲ್ಲಿ ಮುಕ್ಕಾಲುಪಾಲಿಗೆ ಆ 60 ಡಾಲರ್ ಕಾನೂನು ಮುಟ್ಟುವುದೇ ಇಲ್ಲ. ಕೊಲೊರಾಡೋದಲ್ಲಿರುವ ನನ್ನ ಕಸಿನ್ ಕಥೆಯೂ ಇದೇ, ಅಲ್ಲೂ 60ರ ಕಾನೂನು 2024ರಿಂದಲೇ ಇದೆ, ಅವಳೂ ಪೂರ್ತಿ ರೇಟು ಕೊಡುತ್ತಾಳೆ. ಗುಂಪಿನಲ್ಲಿ ನಿಜವಾಗಿ 60ಕ್ಕೆ ಸಿಕ್ಕಿದ್ದು ಒಬ್ಬರಿಗೆ, ಅವರ ಯಜಮಾನರು ಹದಿನೈದು ಜನರಿರುವ ಒಂದು ಸಣ್ಣ ಆಫೀಸಿನಲ್ಲಿದ್ದಾರೆ.

ಸರಿ, ಕಂಪನಿಯೇ ಮನಸ್ಸು ಮಾಡಿ ಪೆನ್ನಿಗೆ ಡಿಡಕ್ಟಿಬಲ್ ಬಿಡಬಹುದಲ್ಲ ಅಂತ ಗಂಡನ ಕೈಲಿ ಕೇಳಿಸಿದೆ. ಎಚ್.ಆರ್. ಹೆಣ್ಣುಮಗಳು ಪಾಪ ಒಳ್ಳೆಯವಳು, ಕೂತು ವಿವರಿಸಿದಳಂತೆ. ನಮ್ಮದು ಎಚ್.ಎಸ್.ಎ. ಖಾತೆ ಇರುವ ಪ್ಲಾನ್, ತೆರಿಗೆ ಕಟ್ಟದೆ ಔಷಧಿಗೆ ದುಡ್ಡು ಕೂಡಿಡುವ ಖಾತೆ ಅದು. ಅಂಥ ಪ್ಲಾನಿನಲ್ಲಿ ಡಿಡಕ್ಟಿಬಲ್ ತುಂಬುವ ಮೊದಲೇ ಕೊಡಬಹುದಾದ ಔಷಧಿ ಯಾವುವು ಅಂತ ತೆರಿಗೆ ಇಲಾಖೆ 2019ರಲ್ಲಿ ಒಂದು ಪಟ್ಟಿ ಮಾಡಿದೆ. ಇನ್ಸುಲಿನ್ ಇದೆ, ಆಸ್ತಮಾ ಇನ್ಹೇಲರ್ ಇದೆ, ಎಪಿನೆಫ್ರಿನ್ ಇಲ್ಲ. ಆ ಪಟ್ಟಿ ಇರುವುದು ಕಾಯಿಲೆ ಹೆಚ್ಚಾಗದ ಹಾಗೆ ತಡೆಯುವ ಔಷಧಿಗಳಿಗೆ. ಪೆನ್ನು ಏನನ್ನೂ ತಡೆಯುವುದಿಲ್ಲವಲ್ಲ, ಸಾವನ್ನು ಬಿಟ್ಟು.

2025ರ ಆಗಸ್ಟ್ ತಪಾಸಣೆಯಲ್ಲಿ ಮಗನ ತೂಕ 25 ಕಿಲೋ ದಾಟಿತ್ತು. ಏಳು ವರ್ಷ. ವಿಡಿಯೋ ಕಾಲಿನಲ್ಲಿ ಅತ್ತೆಗೆ ಖುಷಿಯೋ ಖುಷಿ, ಅಂತೂ ಮೈ ಹಿಡಿದಿದೆ ಅಂತ. ನನಗೆ ಎದೆ ಧಸಕ್ ಅಂತು. ಡಬ್ಬಿ ಮೇಲೆ 30 ಕಿಲೋವರೆಗೆ ಸಣ್ಣ ಡೋಸ್ ಅಂತ ಬರೆದಿದ್ದರೂ 25 ದಾಟಿದ ಮಕ್ಕಳಿಗೆ 0.3 ಮಿಲಿಗ್ರಾಂ ಕೊಡುವುದೇ ಸರಿ ಅಂತ ಮಕ್ಕಳ ಡಾಕ್ಟರುಗಳ ಸಲಹೆ. ಅಂದರೆ ಜೂನಿನಲ್ಲಷ್ಟೇ ಸ್ಕೂಲಿಗೆ ಅಂತ ತಂದ ಹೊಸ ಡಬ್ಬಿ ಈಗ ಮಗನಿಗೆ ಚಿಕ್ಕದು, ಚಪ್ಪಲಿ ಚಿಕ್ಕದಾದ ಹಾಗೆ. ದೊಡ್ಡ ಡೋಸಿಗೆ ಚೀಟಿ ಕಳಿಸಿದರು. ಫಾರ್ಮಸಿಯ ಕಂಪ್ಯೂಟರ್ ಒಪ್ಪಲಿಲ್ಲ. ವರ್ಷಕ್ಕೆ ಎರಡು ಡಬ್ಬಿ ಅಷ್ಟೇ, ನಿಮ್ಮದು ಮುಗಿದಿದೆ. ಇದು ಬೇರೆ ಡೋಸ್ ಅಂತ ಡಾಕ್ಟರ ಆಫೀಸಿನಿಂದ ಫ್ಯಾಕ್ಸ್ ಹೋಗಬೇಕು, ಹೌದು, ಫ್ಯಾಕ್ಸ್, 2025ರಲ್ಲಿ. ಒಂಬತ್ತು ದಿನ ಹಿಡಿಯಿತು. ಅಷ್ಟರಲ್ಲಿ ಸ್ಕೂಲ್ ಶುರುವಾಯಿತು. ಏನೂ ಇಲ್ಲದಿರುವುದಕ್ಕಿಂತ ಸಣ್ಣ ಡೋಸ್ ವಾಸಿ ಅಂತ ಡಾಕ್ಟರು ಹೇಳಿದ್ದರಿಂದ ಹಳೆಯದನ್ನೇ ಕೊಟ್ಟು ಕಳಿಸಿದೆ.

ಈ ಒಂಬತ್ತು ದಿನದ ನಡುವೆ ಡಾಕ್ಟರು ಇನ್ನೊಂದು ದಾರಿ ನೋಡೋಣ ಅಂದಿದ್ದರು. ಮೂಗಿಗೆ ಹೊಡೆಯುವ ಎಪಿನೆಫ್ರಿನ್ ಸ್ಪ್ರೇ, ನೆಫಿ ಅಂತ. ದೊಡ್ಡವರಿಗೆ 2024ರ ಆಗಸ್ಟಿನಲ್ಲಿ, ಚಿಕ್ಕ ಮಕ್ಕಳ ಡೋಸಿಗೆ 2025ರ ಮಾರ್ಚಿನಲ್ಲಿ ಅನುಮತಿ ಸಿಕ್ಕಿತ್ತು. ಸೂಜಿ ಇಲ್ಲ. ಕ್ಯಾಪ್ ಜಗಳ ಇಲ್ಲ. ಇನ್ಶೂರೆನ್ಸಿನವರು ಮೊದಲೇ ಅನುಮತಿ ತಗೊಳ್ಳಬೇಕು ಅಂತ ಒಂದು ಫಾರಂ ಕಳಿಸಿದರು. ಅದರ ಒಂದು ಪ್ರಶ್ನೆ ನನಗೆ ಬಾಯಿಪಾಠ ಆಗಿದೆ: ರೋಗಿಗೆ ಪೆನ್ನನ್ನು ಬಳಸಿ ನೋಡಲಾಗಿದೆಯೇ, ಅದು ವಿಫಲವಾಗಿದೆಯೇ?

ಇದನ್ನು ಓದಿ ನಾನೂ ನರ್ಸೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಈ ಔಷಧಿ ವಿಫಲವಾಗಿದ್ದರೆ ಫಾರಂ ತುಂಬುವುದಕ್ಕೆ ರೋಗಿ ಎಲ್ಲಿರುತ್ತಾನೆ? ನರ್ಸ್ "ಇಲ್ಲ" ಅಂತ ಟಿಕ್ ಮಾಡಿದಳು. ತಿರಸ್ಕಾರ ಆಯಿತು. ಮೇಲ್ಮನವಿ ಹಾಕುವುದಕ್ಕೆ 180 ದಿನ ಇರುತ್ತೆ, ಹಾಕಿದೆವು, ಅದೂ ಹೋಯಿತು. ಸ್ಪ್ರೇ ಕಂಪನಿಯವರು ಇನ್ಶೂರೆನ್ಸ್ ಒಪ್ಪದವರಿಗೆ ಎರಡು ಡೋಸನ್ನು 199 ಡಾಲರಿಗೆ ಕೊಡುತ್ತಾರೆ. ಆದರೆ ಅಷ್ಟು ಹೊತ್ತಿಗೆ ಪೆನ್ನಿಗೆ ಒಪ್ಪಿಗೆ ಬಂದಿತ್ತು, ಸ್ಕೂಲಿನ ನರ್ಸಿಗೂ ಪೆನ್ನೇ ಅಭ್ಯಾಸ, ಬಿಟ್ಟೆವು. ಪೆನ್ನಿಗೆ ಮತ್ತೆ 351.

ನವೆಂಬರಿನಲ್ಲಿ ಪ್ಲಾನ್ ಬದಲಾಯಿಸುವ ಅವಕಾಶ ಬಂತು. ಇನ್ನೊಂದು ಪ್ಲಾನಿನಲ್ಲಿ ಡಬ್ಬಿಗೆ 50 ಡಾಲರ್, ಡಿಡಕ್ಟಿಬಲ್ ಗೊಡವೆಯೇ ಇಲ್ಲ. ಆದರೆ ತಿಂಗಳ ಪ್ರೀಮಿಯಂ 160 ಡಾಲರ್ ಜಾಸ್ತಿ. ವರ್ಷಕ್ಕೆ 1,920. ನಾನು 2025ರಲ್ಲಿ ಮೂರು ಡಬ್ಬಿಗೆ ಕೊಟ್ಟಿದ್ದು 1,053. ಊಟದ ಟೇಬಲ್ ಮೇಲೆ ಎರಡು ಸಂಜೆ ಲೆಕ್ಕ ಹಾಕಿ ಹಳೆಯದರಲ್ಲೇ ಇದ್ದೇವೆ. ಎಚ್.ಎಸ್.ಎ. ಖಾತೆಯಲ್ಲಿ 2,500 ಡಾಲರನ್ನು ಪೆನ್ನು, ಆಸ್ಪತ್ರೆಗೆ ಅಂತಲೇ ಎತ್ತಿಟ್ಟಿದ್ದೇವೆ. ಮುಂದಿನ ಸಲ ಪೆನ್ನು ಕೈಯಲ್ಲಿರುವಾಗ ತಲೆಯಲ್ಲಿ ಗುಣಾಕಾರ ಬರಬಾರದು ಅಂತ. ಬರುವುದಿಲ್ಲ ಅಂತ ಆಣೆ ಮಾಡಲಾರೆ.

ಡಿಸೆಂಬರಿನಲ್ಲಿ ಶಿವಮೊಗ್ಗಕ್ಕೆ ಹೋಗಿದ್ದೆವು. ಡಾಕ್ಟರ ಕಾಗದದ ಜೊತೆ ಎರಡು ಡಬ್ಬಿ ಕೈಚೀಲದಲ್ಲೇ ಇತ್ತು, ಲಗೇಜಿಗೆ ಹಾಕಲಿಲ್ಲ. ಸೋದರಮಾವ ತನ್ನ ಅಂಗಡಿ ಪಕ್ಕದ ಡಾಕ್ಟರಿಗೆ ಹೇಳಿ ಆಂಪೂಲನ್ನೂ ಅಲ್ಲಿ ತೆಗೆದಿರಿಸಿದ್ದ. ಆದರೂ ನಾನು ಮನೆಯಲ್ಲಿಲ್ಲದ ಹೊತ್ತಿಗೆ ಏನಾದರೂ ಆದರೆ ಅಂತ ಅಮ್ಮನಿಗೆ ಕಲಿಸಬೇಕಿತ್ತು. ತಾರೀಖು ಮುಗಿದ ಹಳೆಯ ಜೂನಿಯರ್ ಪೆನ್ನು ಒಂದನ್ನು ಅದಕ್ಕೆಂದೇ ಒಯ್ದಿದ್ದೆ. ಒಂದು ಮೂಸಂಬಿಯನ್ನು ಟವೆಲ್ಲಿನಲ್ಲಿ ಸುತ್ತಿ ಮೊಮ್ಮಗನ ತೊಡೆ ಅಂದುಕೋ ಅಂದೆ.

ಅಮ್ಮ ಕನ್ನಡಕ ಹಾಕಿಕೊಂಡಳು. ನೀಲಿ ಕ್ಯಾಪ್ ಕಿತ್ತು, ಕಿತ್ತಳೆ ತುದಿ ಕೆಳಗೆ ಮಾಡಿ, ಒಬ್ಬಟ್ಟಿನ ಕಣಕ ಒತ್ತುವ ಹಾಗೆ ಮೆಲ್ಲಗೆ ಒತ್ತಿದಳು. ಏನೂ ಆಗಲಿಲ್ಲ. "ಜೋರಾಗಿ ಅಮ್ಮ, ತೆಂಗಿನಕಾಯಿ ಒಡೆಯೋ ಹಾಗೆ." ಟಕ್ ಅಂತು. ಮೂರು ಎಣಿಸಿ ತೆಗೆದಳು. ಟವೆಲ್ ಬಿಚ್ಚಿದರೆ ಮೂಸಂಬಿಯ ಮೇಲೆ ಸಣ್ಣ ತೂತು, ಒಂದು ಹನಿ ರಸ.

"ಇದು ಒಂದಕ್ಕೆ ಎಷ್ಟು ಕೊಟ್ಟಿದ್ದೆ?" ಅಂದಳು.

ಹೇಳಿದೆ, ರೂಪಾಯಿಯಲ್ಲೇ ಹೇಳಿದೆ. ಅಮ್ಮ ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಹದಿನೈದು ಸಾವಿರದ ಮೂಸಂಬಿ. ಬಿಸಾಕೋಕೂ ಮನಸ್ಸು ಬರಲ್ಲ ಕಣೇ."